ಪತ್ತೇದಾರನ ಪುನರಾಗಮನ

ಕನ್ನಡದ ಹಳೆಯ ಓದುಗರಿಗೆ ಪತ್ತೇದಾರನೆಂದೊಡನೆ ಎನ್. ನರಸಿಂಹಯ್ಯನವರ ಪುರುಷೋತ್ತಮನು ನೆನಪಾದರೆ ಆಶ್ಚರ್ಯವಿಲ್ಲ. ನಾಲ್ಕನೆಯ ತರಗತಿಯವರೆಗಷ್ಟೇ ಕಲಿತು ಐನೂರಕ್ಕೂ ಮಿಕ್ಕ ಕಾದಂಬರಿಗಳನ್ನು ರಚಿಸಿದ ಆ ಲೇಖಕರು, ರಹಸ್ಯವು ಬಯಲಾದ ಮೇಲೂ ನಾಯಕನ ಮೇಲಣ ಮಮತೆಯು ಬತ್ತದೆಂಬುದನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಈ ಮಮತೆಗೆ ಗತಕಾಲದ ಆವರಣವೂ ಕೂಡಿದಾಗ ಉಂಟಾಗುವ ರುಚಿಯೇ ಬೇರೆ. ಹರಿಣಿ ನಾಗೇಂದ್ರರು 2022ರಲ್ಲಿ ಇಂಗ್ಲಿಷಿನಲ್ಲಿ ಆರಂಭಿಸಿದ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ ಮಾಲಿಕೆಯಲ್ಲಿ, 1921ರ ಬೆಂಗಳೂರಿನಲ್ಲಿ ಹೊಸದಾಗಿ ಸಂಸಾರ ಹೂಡಿದ, ಗಣಿತದಲ್ಲಿ ಅಪಾರ ಆಸಕ್ತಿಯುಳ್ಳ ಕಾವೇರಿಯೆಂಬ ತರುಣಿಯು, ವೈದ್ಯನಾದ ಪತಿ ರಾಮುವಿನ ಸಹಕಾರದಿಂದ ಕೊಲೆಗಳ ಮೂಲವನ್ನು ಶೋಧಿಸುತ್ತಾಳೆ. ಕೊಲೆಗಾರನಾರೆಂಬುದು ಒಂದೇ ಓದಿಗೆ ಮುಗಿಯುವ ಕುತೂಹಲ. ಆದರೆ ಸೀರೆಯುಟ್ಟೇ ಈಜುವ, ಮೋಟಾರು ನಡೆಸುವ ಆ ಹೆಣ್ಣು ಮುಂದಿನ ಸಂಪುಟದಲ್ಲಿ ಎಷ್ಟು ಬೆಳೆದಿರುವಳು, ಸಂಪ್ರದಾಯನಿಷ್ಠಳಾದ ಅತ್ತೆಯು ಎಷ್ಟು ಕರಗಿರುವಳು ಎಂಬ ಕುತೂಹಲ ಮಾತ್ರ ತೀರದು. 2023ರ ಎರಡನೆಯ ಕಥೆಯಲ್ಲಿ ತನಿಖೆಗೆ ಪ್ರೇರಿಸುವವಳು ಆ ಅತ್ತೆಯೇ!

ಗತಕಾಲದ ವಿವರಗಳನ್ನು ಮೆರೆಸುವ ಉತ್ಸಾಹದಲ್ಲಿ ಶೋಧವು ಕುಂಟುವುದು (ಐತಿಹಾಸಿಕ ಕಾದಂಬರಿಗಳ ಹಳೆಯ ರೋಗವಿದು) ಈ ಪ್ರಕಾರದ ದೊಡ್ಡ ಅಪಾಯವೆನ್ನಬೇಕು. ಆದರೆ ಪಾತ್ರವು ಸಜೀವವಾಗಿದ್ದಲ್ಲಿ ಚರಿತ್ರೆಯು ತಾನೇ ತಾನಾಗಿ ಕಥೆಯೊಳಗೆ ನಡೆದು ಬರುತ್ತದೆ. ಮೂರನೆಯ ಸಂಪುಟದಲ್ಲಿ 1922ರ ವೇಲ್ಸ್ ರಾಜಕುಮಾರನ ಬೆಂಗಳೂರು ಭೇಟಿಯು ಬಂದಿರುವುದು ಹಾಗೆಯೇ.