ಕಂಪ್ಯೂಟರ್ ತಾನಾಗಿಯೇ ಆಫ್ ಆಗಿ ಆನ್ ಆಗುವುದೇಕೆ?

ಯಾರೂ ಮುಟ್ಟದೆ ಕಂಪ್ಯೂಟರ್ ತಾನೇ ಆಫ್ ಆಗಿ ಮತ್ತೆ ಆನ್ ಆಗುವುದಕ್ಕೆ ರೀಸ್ಟಾರ್ಟ್ ಅನ್ನುತ್ತಾರೆ. ಕೆ.ಆರ್.ಪುರದಲ್ಲಿರುವ ನಮ್ಮ ಚಿಕ್ಕಮ್ಮನ ಮನೆಯಲ್ಲಿ ದಿನಕ್ಕೆ ಎರಡು ಮೂರು ಸಲ ಈ ಕಾಟ ಇತ್ತು. ಅಕ್ಕನ ಕಾಲೇಜಿನ ಪ್ರಾಜೆಕ್ಟ್ ಬರೆದಷ್ಟೂ ಅಳಿಸಿಹೋಗುತ್ತಿತ್ತು. ರಿಪೇರಿಯವರು "ಮದರ್‌ಬೋರ್ಡ್ ಬದಲಾಯಿಸಿ" ಅಂದರು. ದುಡ್ಡು ಸುರಿಯುವ ಮೊದಲು ಕಾರಣ ತಿಳಿಯೋಣ ಅಂತ ಅಕ್ಕ, ನಾನು ರೀಸ್ಟಾರ್ಟ್ ಆದ ಹೊತ್ತನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟೆವು.

ನಾಲ್ಕೇ ದಿನದಲ್ಲಿ ಗುಟ್ಟು ಗೊತ್ತಾಯಿತು. ಕೆಳಗಡೆ ಸಂಪಿನ ಮೋಟಾರ್ ಹಾಕಿದಾಗಲೇ ಹೀಗಾಗುತ್ತಿತ್ತು! ಆಗ ಲೈಟೂ ಒಂದು ಕ್ಷಣ ಮಂಕಾಗುತ್ತಿತ್ತು.

ಇದಕ್ಕೆ ಕಾರಣವೇನು? ಮೋಟಾರ್ ಶುರುವಾಗುವಾಗ, ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆಗ ಮನೆಯ 230 ವೋಲ್ಟ್ ಒಮ್ಮೆಗೇ ಇಳಿಯುತ್ತದೆ. ಕಂಪ್ಯೂಟರಿನೊಳಗಿನ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ ಈ ಕರೆಂಟನ್ನು 12, 5 ಮತ್ತು 3.3 ವೋಲ್ಟ್ ಮಾಡಿ ಕೊಡುತ್ತದೆ. ಕರೆಂಟ್ ತಪ್ಪಿದರೆ ಅದು ತಡೆದುಕೊಳ್ಳುವುದು ಸೆಕೆಂಡಿನ 60ರಲ್ಲಿ ಒಂದು ಪಾಲಿನಷ್ಟು ಹೊತ್ತು ಮಾತ್ರ. ಆಗ ಯುಪಿಎಸ್‌ನ ಬ್ಯಾಟರಿ ಕೈಹಿಡಿಯಬೇಕು. ಪರೀಕ್ಷೆಗೆಂದು, ಕೆಲಸವನ್ನೆಲ್ಲ ಸೇವ್ ಮಾಡಿ ಯುಪಿಎಸ್‌ಗೆ ಬರುವ ಗೋಡೆಯ ಸ್ವಿಚ್ ಆರಿಸಿದೆವು. ಕಂಪ್ಯೂಟರ್ ತಕ್ಷಣ ಆಫ್! ಬ್ಯಾಟರಿ ಸತ್ತಿತ್ತು. ಹೊಸ ಬ್ಯಾಟರಿ ಹಾಕಿದ ಮೇಲೆ ಕಾಟ ತಪ್ಪಿತು, ಪ್ರಾಜೆಕ್ಟೂ ಮುಗಿಯಿತು. ಮದರ್‌ಬೋರ್ಡಿಗೆ ಏನೂ ಆಗಿರಲಿಲ್ಲ.

ಎಲ್ಲ ಕಡೆಯೂ ಇದೇ ಕಾರಣ ಇರುವುದಿಲ್ಲ. ಹೀಗೆ ಗುರುತಿಸಬಹುದು:

1. ಅರ್ಧ ಗಂಟೆ ಗೇಮ್ ಆಡಿದ ಮೇಲೆ ಆಗುತ್ತದೆಯೇ? ಬಿಸಿ ಹೆಚ್ಚಾಗಿರಬಹುದು. ಪ್ರೊಸೆಸರ್ ಸುಡಬಾರದೆಂದು ಕಂಪ್ಯೂಟರ್ ತಾನೇ ನಿಲ್ಲುತ್ತದೆ. ಪ್ಲಗ್ ಕಿತ್ತು, ಫ್ಯಾನಿನ ಧೂಳನ್ನು ಮೆತ್ತನೆ ಬ್ರಷ್‌ನಿಂದ ತೆಗೆಯಿರಿ.

2. ನೀಲಿ ಪರದೆ ಮಿಂಚಿ ಮಾಯವಾಗುತ್ತದೆಯೇ? ರ‍್ಯಾಮ್ ಅಥವಾ ಡ್ರೈವರ್ ತೊಂದರೆ ಇರಬಹುದು. ವಿಂಡೋಸ್‌ನಲ್ಲಿ ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಎಂಬಲ್ಲಿ ಟಿಕ್ ತೆಗೆದರೆ ಆ ಪರದೆ ನಿಲ್ಲುತ್ತದೆ, ಅದರಲ್ಲಿರುವುದನ್ನು ಬರೆದುಕೊಳ್ಳಬಹುದು. ರ‍್ಯಾಮ್ ಪರೀಕ್ಷಿಸಲು ವಿಂಡೋಸ್‌ನಲ್ಲೇ ‘ಮೆಮೊರಿ ಡಯಾಗ್ನಾಸ್ಟಿಕ್’ ಇದೆ.

3. ಹೊತ್ತುಗೊತ್ತಿಲ್ಲದೆ ಆಗುತ್ತದೆಯೇ? ಎಸ್‌ಎಂಪಿಎಸ್ ಕೆಟ್ಟಿರಬಹುದು. ಬೇರೆಯದನ್ನು ಹಾಕಿಸಿ ನೋಡಬೇಕು.

ಎಚ್ಚರಿಕೆ: ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟಿತ್ತೆಂದು ತಿಳಿಯುವುದೇ ಇಲ್ಲ. ಕಾಯಿಲೆ ಗೊತ್ತಾದ ಮೇಲೆ ತಾನೇ ಔಷಧಿ?