ಗಾಡಿ ಕಟ್ಟುವ ಮುನ್ನ

ಮೈಸೂರಿನ ಟಾಂಗಾ ಕುದುರೆಯ ಲಾಯದಲ್ಲಿ ಬೆಳಕು ಹರಿಯುವ ಮೊದಲೇ ಕೆಲಸ ಶುರು. ತಗಡಿನ ಮಾಡಿನಡಿ ಒಂದೇ ಬಲ್ಬು. ರಾತ್ರಿ ನೆನೆಹಾಕಿದ ಹುರುಳಿ ಒಲೆಯ ಮೇಲೆ ಬೇಯುತ್ತಿದೆ. ಗಾಡಿ ಹೊಡೆಯುವ ತಾತ ಮೊದಲು ಬಗ್ಗಿ ನೋಡುವುದು ಲದ್ದಿಯನ್ನು. ಉಂಡೆ ಉಂಡೆಯಾಗಿ, ತುಸು ತೇವವಾಗಿದ್ದರೆ ಸರಿ. ಒಣಗಿ ಗಟ್ಟಿಯಾಗಿದ್ದರೆ ನೀರು ಸಾಲದು. ಲದ್ದಿಯೇ ಇಲ್ಲದಿದ್ದರೆ ದುಡಿಮೆಯ ಮಾತು ಆಮೇಲೆ.

ಕುದುರೆಗೆ ವಾಂತಿ ಮಾಡಲಾಗದು. ಜಠರವೂ ದೇಹದ ಗಾತ್ರಕ್ಕೆ ತೀರಾ ಚಿಕ್ಕದು. ಹಾಗಾಗಿ ಹುಲ್ಲು ದಿನವಿಡೀ ಸ್ವಲ್ಪ ಸ್ವಲ್ಪವೇ ಹೊಟ್ಟೆಗೆ ಹೋಗುತ್ತಿರಬೇಕು. ಹುರುಳಿ, ಬೂಸಾ ಹಿತಮಿತವಾಗಿರಬೇಕು. ಒಂದೇ ಸಲ ಬಕೆಟ್ಟುಗಟ್ಟಲೆ ಸುರಿದರೆ ಹೊಟ್ಟೆಶೂಲೆ ಕಾದಿದೆ. ಕುದುರೆ ಪದೇ ಪದೇ ಪಕ್ಕೆಯತ್ತ ತಿರುಗಿ ನೋಡುತ್ತದೆ, ಕಾಲಿನಿಂದ ನೆಲ ಕೆರೆಯುತ್ತದೆ, ಬಿದ್ದು ಹೊರಳುತ್ತದೆ. ಆಗ ಮನೆಮದ್ದು ಹುಡುಕುತ್ತಾ ಕೂರಬಾರದು, ಪಶುವೈದ್ಯರನ್ನು ಕರೆಸಬೇಕು. ಕೆಳದವಡೆಯ ಅಂಚಿನಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ: ಸುಮ್ಮನೆ ನಿಂತ ಆರೋಗ್ಯವಂತ ಕುದುರೆಗೆ ನಿಮಿಷಕ್ಕೆ 28ರಿಂದ 44. ಅರವತ್ತು ದಾಟಿದರೆ ಗಂಡಾಂತರ.

ಇನ್ನು ಕಾಲು. ತಾತ ಭುಜವನ್ನು ಕುದುರೆಗೆ ಆನಿಸಿ, ಅಂಗೈಯನ್ನು ಮೊಣಕಾಲಿನಿಂದ ಕೆಳಕ್ಕೆ ಸವರುತ್ತಾರೆ. ಅಭ್ಯಾಸವಾದ ಕುದುರೆ ತಾನೇ ಕಾಲೆತ್ತಿ ಕೊಡುತ್ತದೆ. ಮೊಂಡು ಕೊಕ್ಕೆಯಿಂದ ಕೆರೆದಾಗ ಗೊರಸಿನ ಸಂದಿಯ ಲದ್ದಿ, ಜಲ್ಲಿ, ಮಣ್ಣು ಬೀಳುತ್ತವೆ. ಹಿಮ್ಮಡಿಯಿಂದ ತುದಿಯತ್ತ ಕೆರೆಯಬೇಕು. ಅಂಗಾಲಿನ ನಡುವೆ ಮೂರು ಮೂಲೆಯ ಮೆತ್ತನೆಯ ಭಾಗವೊಂದಿದೆ. ಅಲ್ಲಿ ಕಪ್ಪು ರಸ ಜಿನುಗಿ ಕೊಳೆತ ವಾಸನೆ ಹೊಡೆದರೆ ಲಾಯದ ನೆಲ ತೇವವಾಗಿದೆ ಎಂದೇ ಅರ್ಥ. ಔಷಧಿಗಿಂತ ಮೊದಲು ನೆಲ ಒಣಗಿಸಬೇಕು. ಲಾಳವನ್ನು ಆರರಿಂದ ಎಂಟು ವಾರಕ್ಕೊಮ್ಮೆ ಬಿಚ್ಚಿ, ಬೆಳೆದ ಗೊರಸು ಕತ್ತರಿಸಿ, ಅರದಿಂದ ಉಜ್ಜಿ ಮತ್ತೆ ಹೊಡೆಸಬೇಕು. ಟಾರು ರಸ್ತೆಯಲ್ಲಿ ಅದು ಇನ್ನೂ ಬೇಗ ಸವೆಯುವುದುಂಟು. ಮೊಳೆ ಚುಚ್ಚಿದ ಸಣ್ಣ ಗಾಯವೂ ಧನುರ್ವಾಯುವಿಗೆ ದಾರಿ. ಲಸಿಕೆ ತಪ್ಪಿಸುವ ಮಾತೇ ಇಲ್ಲ.

ಮೈ ಉಜ್ಜುವಾಗ ಪಟ್ಟಿ ಬಿಗಿಯುವ ಜಾಗಗಳಲ್ಲಿ ತಾತನ ಕೈ ನಿಧಾನವಾಗುತ್ತದೆ. ಕೂದಲುದುರಿದ ರೂಪಾಯಿಯಗಲದ ಜಾಗ ನಾಳೆ ಹುಣ್ಣಾಗುತ್ತದೆ. ಮೂಗಿನಿಂದ ಗಟ್ಟಿ ಸಿಂಬಳ, ಚರ್ಮದಲ್ಲಿ ಗಂಟು ಕಂಡರೆ ಆ ಕುದುರೆಯನ್ನು ಬೇರೆ ಕಟ್ಟಿ, ರಕ್ತ ಪರೀಕ್ಷೆ ಮಾಡಿಸಬೇಕು. ಅದು ಗ್ಲಾಂಡರ್ಸ್ ಇರಬಹುದು: ಮನುಷ್ಯರಿಗೂ ಅಂಟುವ ರೋಗ, ಅದಕ್ಕೆ ಲಸಿಕೆಯಿಲ್ಲ.

ಕುದುರೆ ನೋವನ್ನು ಬಚ್ಚಿಡುವ ಪ್ರಾಣಿ. ಕುಂಟತೊಡಗುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. ಅದಕ್ಕೇ ಈ ದಿನನಿತ್ಯದ ಕೈಪರೀಕ್ಷೆ ನನಗೆ ದುಬಾರಿ ಮದ್ದಿಗಿಂತ ದೊಡ್ಡದಾಗಿ ಕಾಣುತ್ತದೆ.

"ತಾತಾ, ಗಾಡಿ ಕಟ್ಲಾ?" ಮೊಮ್ಮಗ ಲಗಾಮು ಹಿಡಿದು ನಿಂತಿದ್ದಾನೆ. ದಸರೆಯ ಜನ ಅರಮನೆಯ ಸುತ್ತ ಸೇರುವ ದಿನಗಳು, ಸಂಪಾದನೆಯ ಕಾಲ.

"ಮುಂದಿನ ಎಡಗಾಲು ಮುಟ್ಟಿ ನೋಡು. ಬಲಗಾಲಿಗಿಂತ ಬಿಸಿ ಐತಲ್ಲಪ್ಪಾ?"

ಹುಡುಗ ಎರಡೂ ಕಾಲು ಮುಟ್ಟಿ ನೋಡಿದ. ಲಗಾಮನ್ನು ಗೂಟಕ್ಕೆ ನೇತುಹಾಕಿ, ಡಾಕ್ಟರಿಗೆ ಫೋನು ಹಚ್ಚಿದ.