ಅಗುಳಿ ತೆಗೆದವನು ನಾನೇ

ಅಪ್ಪ ಕೊಬ್ಬರಿ ಮಾರಿದ ದುಡ್ಡು ಬ್ಯಾಂಕಿಗೆ ಬಂದ ವಾರವೇ ನನ್ನ ಇ-ಮೇಲ್‌ಗೆ ಒಂದು ಎಚ್ಚರಿಕೆ ಬಂತು. ಯಾವುದೋ ದೇಶದಿಂದ ಯಾರೋ ನನ್ನ ಅಕೌಂಟ್‌ಗೆ ಲಾಗಿನ್ ಆಗಿದ್ದರಂತೆ. ತಿಪಟೂರು ದಾಟಿದರೆ ಬೆಂಗಳೂರು, ಅಷ್ಟೇ ನಾನು ಕಂಡ ಪ್ರಪಂಚ. ಎದೆ ಧಸಕ್ಕೆಂದಿತು.

ಕಾರಣ ಗೊತ್ತಿತ್ತು. ಹಿಂದಿನ ಭಾನುವಾರ ಪುಕ್ಕಟೆ ಆಡೋಣವೆಂದು ಒಂದು ಗೇಮಿನ ಕ್ರ್ಯಾಕ್ ಇಳಿಸಿಕೊಂಡಿದ್ದೆ. 'ಮೊದಲು ಆ್ಯಂಟಿವೈರಸ್ ಆಫ್ ಮಾಡಿ' ಅಂತ ಅದರಲ್ಲೇ ಬರೆದಿತ್ತು. ಮಾಡಿದ್ದೆ! ಕಳ್ಳ ಬಾಗಿಲು ತಟ್ಟಿದರೆ ಅಗುಳಿ ತೆಗೆದು ಒಳಗೆ ಕರೆದ ಹಾಗೆ. ಅಪ್ಪನ ನೆಟ್ ಬ್ಯಾಂಕಿಂಗ್ ನಡೆಯುವುದೂ ಅದೇ ಕಂಪ್ಯೂಟರಿನಲ್ಲಿ. ಪಾಸ್‌ವರ್ಡ್ ನೆನಪಿರಲ್ಲ ಅಂತ ಬ್ರೌಸರಿನಲ್ಲಿ ಸೇವ್ ಮಾಡಿಕೊಟ್ಟ ಜಾಣ ನಾನೇ.

ಎಲ್ಲರೂ ಮಲಗಿದ ಮೇಲೆ ಮೊದಲು ನೆಟ್ ಕೇಬಲ್ ಕಿತ್ತೆ. ಟಾಸ್ಕ್ ಮ್ಯಾನೇಜರ್ ತೆರೆದರೆ 'ಎಸ್‌ವಿಸಿಹೋಸ್ಟ್' ಎಂಬ ಹೆಸರು ಹತ್ತಾರು ಕಡೆ. ಅದು ವಿಂಡೋಸ್‌ನದೇ, ಗಾಬರಿ ಬೇಡ. ಆದರೆ ಒಂದರಲ್ಲಿ ಮಾತ್ರ 'ವಿ' ಮತ್ತು 'ಸಿ' ಅದಲು ಬದಲು! ಅಸಲಿ ಇರಬೇಕಾದದ್ದು ಸಿಸ್ಟಂ32 ಫೋಲ್ಡರಿನಲ್ಲಿ. ಇದು ಟೆಂಪ್ ಫೋಲ್ಡರಿನಲ್ಲಿ ಕೂತಿತ್ತು. ನಿಲ್ಲಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಹಾಜರ್.

ಸೇಫ್ ಮೋಡ್‌ಗೆ ಹೋಗಿ ಫೈಲ್ ಅಳಿಸಿದೆ. ರಿಜಿಸ್ಟ್ರಿಯ 'ರನ್' ಪಟ್ಟಿಯಲ್ಲಿದ್ದ ಅದರ ಸಾಲನ್ನೂ ತೆಗೆದೆ. ರೀಸ್ಟಾರ್ಟ್ ಮಾಡಿದರೆ ಪುನಃ ಅದೇ ಮುಖ. ಟಾಸ್ಕ್ ಶೆಡ್ಯೂಲರ್‌ನಲ್ಲಿ 'ಅಪ್‌ಡೇಟ್' ಎಂಬ ಸಭ್ಯ ಹೆಸರಿಟ್ಟುಕೊಂಡು ಇನ್ನೊಂದು ನಕಲು ಇದನ್ನು ಎಬ್ಬಿಸುತ್ತಿತ್ತು. ಎರಡನ್ನೂ ಒಟ್ಟಿಗೆ ಕಿತ್ತ ಮೇಲೆ ಸುಮ್ಮನಾಯಿತು.

ಗೆದ್ದೆ ಅಂದುಕೊಂಡು ನೀರು ಕುಡಿಯುವಾಗ ಹೊಳೆಯಿತು. ಕಳ್ಳನನ್ನು ಓಡಿಸಿದೆ, ಸರಿ. ಅವನು ಆಗಲೇ ಸಾಗಿಸಿದ ಪಾಸ್‌ವರ್ಡ್‌ಗಳು? ಅಪ್ಪನಿಗೆ ಹೇಳದೆ ಬೇರೆ ದಾರಿಯೇ ಇರಲಿಲ್ಲ. ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಎಲ್ಲ ಹೇಳಿದೆ.

"ದುಡ್ಡು ಐತೇನೋ?" ಅಂದರು.

ನನ್ನ ಮೊಬೈಲಿನಲ್ಲಿ ನೋಡಿದೆವು. ಪೂರ್ತಿ ಇತ್ತು. ಓಟಿಪಿ ಬರುವುದು ಅಪ್ಪನ ಬಟನ್ ಫೋನಿಗೆ, ಅದೇ ಕಾಪಾಡಿರಬೇಕು. ಹೋಗಿದ್ದರೆ ಅದೇ ಗಳಿಗೆಯಲ್ಲಿ 1930ಕ್ಕೆ ಫೋನ್ ಮಾಡಬೇಕಿತ್ತು. ಪಾಸ್‌ವರ್ಡ್‌ಗಳನ್ನೂ ಮೊಬೈಲಿನಲ್ಲೇ ಬದಲಿಸಿದೆವು. ಕಂಪ್ಯೂಟರ್ ಮೇಲೆ ಆಮೇಲೂ ನಂಬಿಕೆ ಬರಲಿಲ್ಲ. ಮುಂದಿನ ವಾರ ಫೋಟೋಗಳನ್ನು ಉಳಿಸಿಕೊಂಡು ವಿಂಡೋಸನ್ನೇ ಹೊಸದಾಗಿ ಹಾಕಿದೆ.

ಬ್ಯಾಂಕಿನ ಹೊಸ ಪಾಸ್‌ವರ್ಡನ್ನು ಅಪ್ಪ ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಹುಡುಕಿ, ತಾವೇ ಒತ್ತಿದರು. "ಆ ಕಡೆ ತಿರುಗು" ಅಂದಿದ್ದರು. ಅದೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.